ಕಂದು ಪಟ್ಟಿಯ ಏಳು ಹೆಸರು

ಧಡ್!

ನನ್ನ ಬೆನ್ನ ಹಿಂದೆ ಬಾಗಿಲು ಬಿತ್ತು. ಹೊರಗಿನಿಂದ ಚಿಲಕ ಜಾರಿದ ಸದ್ದು...

ಐಸ್ ಗೋದಾಮು. ಗೇಣು ದಪ್ಪದ ಗೋಡೆ. ಮೈನಸ್ ಎಂಟು ಡಿಗ್ರಿ. ಒಳಗೆ ಬೆಟ್ಟದಷ್ಟು ಪುಡಿ ಐಸು, ನಾನು, ಮತ್ತು ಎಪ್ಪತ್ತೊಂದು ವರ್ಷದ ಮುದುಕ ಶೀ ಬಾವೋಚ್ವಾನ್.

ಹೊರಗೆ ಚಪ್ಪಟೆ ಚ್ಯೂ. ಮೂಗು ಚಪ್ಪಟೆ, ಚಾಕು ಚೂಪು.

"ತಾಂಗಣ್ಣಾ..." ಬಾಗಿಲಿನ ಸಣ್ಣ ಕಿಂಡಿಯಲ್ಲಿ ಅವನ ಬಾಯಿ ಕಾಣಿಸಿತು. "ಚಳಿ ಆಗ್ತಿದ್ಯಾ? ಒಂದ್ ಗಂಟೆ ತಡ್ಕೋ. ಆಮೇಲೆ ಏನೂ ಆಗಲ್ಲ!"

ಕಿಂಡಿ ಮುಚ್ಚಿತು.

ಮುದುಕ ನನ್ನ ತೋಳು ಹಿಡಿದು ಅಲ್ಲಾಡಿಸಿದ. "ಯಾರೋ ನೀನು? ಓಡಿ ಓಡಿ ಅಂತ ಬಂದೆ. ಬಂದು ನನ್ನನ್ನೂ ಸೇರಿಸಿ ಕೂಡಿ ಹಾಕಿಸ್ದೆ!"

"ನಿಮ್ಮನ್ನ ಉಳಿಸೋಕೆ ಬಂದೆ, ಶೀ ಕಾಕಾ."

"ಭಾಳ ಚೆನ್ನಾಗಿ ಉಳಿಸ್ದೆ. ಮೀನು ಉಳಿಸಿದ ಹಾಗೆ. ಇನ್ನು ಆರು ತಿಂಗಳು ಕೆಡಲ್ಲ ನಾನು!"

ಮೊಬೈಲ್ ತೆಗೆದೆ. ಸಿಗ್ನಲ್ ಇಲ್ಲ. ಈ ಗೋಡೆ ದಾಟಿ ಚಳಿಯೇ ಹೊರಗೆ ಹೋಗುವುದಿಲ್ಲ, ಸಿಗ್ನಲ್ ಒಳಗೆ ಬರುತ್ತದೆಯೇ?

ಕೇಳಿ. ಇಲ್ಲಿಗೆ ಹೇಗೆ ಬಂದೆ ಅಂತ ಹೇಳದಿದ್ದರೆ ನಿಮಗೆ ತಲೆಬುಡ ತಿಳಿಯದು. ಚುಟುಕಾಗಿ ಹೇಳುತ್ತೇನೆ. ಹಲ್ಲು ಕಟಕಟ ಅನ್ನುವಾಗ ಉದ್ದ ಮಾತು ಹೊರಡುವುದಿಲ್ಲ.

ಹೆಸರು ತಾಂಗ್ ಯೊಂಗ್‌ನ್ಯಾನ್. ಊರು ಲ್ಯೂಸ ಬಂದರು. ಕೆಲಸ, ಸುಳಿವು ತಪ್ಪಿದವರನ್ನು ಹುಡುಕಿ ಕೊಡುವುದು. ಬಂಡವಾಳ, ಈ ಗಂಟಲು. ಗ್ಯಾಸ್ ಕಂಪನಿಯ ಹುಡುಗಿ, ಬೀದಿ ಸಮಿತಿಯ ಸಿಡುಕಿನ ಅತ್ತೆ, ಹಲ್ಲಿಲ್ಲದ ಮಾವ... ಯಾರ ದನಿ ಬೇಕೋ ಹೇಳಿ, ಅಳತೆಗೆ ಸರಿಯಾಗಿ ಹೊಲಿದು ಕೊಡುತ್ತೇನೆ.

ನಮ್ಮ ಚೀದೊಂಗ್ ಕರಾವಳಿಯಲ್ಲಿ ಮನೆಗೊಂದು ಸಾವು ಲಿವರ್ ಕ್ಯಾನ್ಸರಿನದು. ನನ್ನ ಅಪ್ಪನೂ ಅದರಲ್ಲೇ ಹೋದ. ಅದಕ್ಕೇ ಇಲ್ಲಿನ ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದ ಗೆಡ್ಡೆಗಳನ್ನು ಎಸೆಯುವುದಿಲ್ಲ. ಬಿಸ್ಕತ್ತಿನಷ್ಟು ಮೇಣದ ಅಚ್ಚಿನಲ್ಲಿ ಹುದುಗಿಸಿ, ನಂಬರು ಬರೆದು ಇಡುತ್ತಾರೆ. ಲ್ಯಾಬಿನ ಡೈರೆಕ್ಟರ್ ಫಾಂಗ್ ಮೇಡಂ ಆರು ವರ್ಷ ಹಳೆಯ ಮೇಣಗಳನ್ನು ಹೊರತೆಗೆದು, ಕೂದಲಿಗಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ ನೋಡಿದರು. ಗೆಡ್ಡೆಯಲ್ಲಿ ಒಂದು ಪ್ರೋಟೀನ್ ಕಡಿಮೆ ಇದ್ದರೆ ಗಾಜಿನ ಮೇಲೆ ನೀಲಿ. ಹೆಚ್ಚಿದ್ದರೆ ಕಂದು.

ನೀಲಿ ಬಂದವರು ಆಪರೇಷನ್ ಮಾಡಿಸಿಕೊಂಡು ವರ್ಷಗಟ್ಟಲೆ ಬದುಕಿದ್ದರು.

ಗಾಢ ಕಂದು ಬಂದವರು ಆಪರೇಷನ್ ಆದರೂ ವರ್ಷ ದಾಟಿರಲಿಲ್ಲ.

ಬಣ್ಣ ನೋಡಿ ಆಯಸ್ಸು ಹೇಳುವ ಪರೀಕ್ಷೆ! ಅದನ್ನು ಮಾರಲು ಒಂದು ಕಂಪನಿ ಓಡಿ ಬಂತು. ಮ್ಯಾನೇಜರ್ ಯಾನ್ ಅಂತ ಒಬ್ಬ. ಈ ಶುಕ್ರವಾರ ಆಸ್ಪತ್ರೆ ಸಮಿತಿಯ ಒಪ್ಪಿಗೆ ಸಿಗಬೇಕಿತ್ತು. ಅವತ್ತಿನಿಂದ ಹೊಸ ನಿಯಮ: ಗಾಢ ಕಂದು ಬಂದವರಿಗೆ ಕತ್ತಿ ಇಲ್ಲ, ಮಾತ್ರೆ ಮಾತ್ರ. ಇರುವ ಮಂಚ ಕಡಿಮೆ, ನೀಲಿಯವರಿಗೆ ಮೊದಲ ಸರದಿ.

ಆದರೆ ಹತ್ತೊಂಬತ್ತು ಜನ ಕಂದಿನವರ ಸುಳಿವೇ ಇರಲಿಲ್ಲ. ಕಂಪನಿಯವರು ಅಷ್ಟೂ ಜನರ ಮುಂದೆ 'ಸತ್ತರು' ಎಂದು ಬರೆದು ಕೈತೊಳೆದುಕೊಂಡಿದ್ದರು.

"ಮಾಸ್ತರ್ ತಾಂಗ್, ಸಾವಿನ ಪತ್ರ ಹುಡುಕಿ ಕೊಡಿ," ಎಂದರು ಫಾಂಗ್ ಮೇಡಂ. "ಬರೀ ಅಂದಾಜಲ್ಲಿ ನಾನು ಯಾರನ್ನೂ ಸಾಯಿಸಲ್ಲ."

ಹನ್ನೆರಡು ಪತ್ರ ಸಿಕ್ಕವು.

ಉಳಿದ ಏಳು ಜನ... ಫೋನ್ ಎತ್ತಿದರು!

ನಮ್ಮ ಕಡೆ ಲಿವರ್ ಕ್ಯಾನ್ಸರ್ ಆದವನಿಗೆ ಆ ಮಾತು ಹೇಳುವ ರೂಢಿಯಿಲ್ಲ. ಮನೆಯವರಿಗೆ ಗೊತ್ತು, ಡಾಕ್ಟರಿಗೆ ಗೊತ್ತು, ಪಕ್ಕದ ಮನೆಯ ನಾಯಿಗೂ ಗೊತ್ತು. ರೋಗಿಗೆ ಮಾತ್ರ ಅದು 'ಪಿತ್ತಕೋಶದ ಕಲ್ಲು'. ಹಾಗಾಗಿ ಫೋನಿನಲ್ಲಿ ಆಸ್ಪತ್ರೆ ಎನ್ನುವಂತಿಲ್ಲ, ಆಪರೇಷನ್ ಎನ್ನುವಂತಿಲ್ಲ, ಹೊಟ್ಟೆ ಹೇಗಿದೆ ಎಂದೂ ಕೇಳುವಂತಿಲ್ಲ. ಅದಕ್ಕೆ ನಾನೇ ಒಂದು ಪಾಠ ಬರೆದಿದ್ದೆ. ಪೆನ್ಶನ್ ಆಫೀಸಿನ ಗುಮಾಸ್ತನ ದನಿ. ಮೊದಲು ಒಂದು ಒಣ ಕೆಮ್ಮು. ಆಮೇಲೆ, "ಬದುಕಿರೋ ಬಗ್ಗೆ ಖಾತ್ರಿ ಮಾಡ್ಕೋಬೇಕಿತ್ತು... ಬದುಕಿದ್ದೀರಾ?"

ಬದುಕಿದ್ದೀನಿ ಅಂದರೆ ಬದುಕಿದ್ದಾನೆ. ಗೀಟು ಎಳೆ, ಮುಂದಿನ ಹೆಸರು.

ಏಳು ಗೀಟು ಎಳೆದ ದಿನ ನಾನು ಬೀದಿಯಲ್ಲಿ ಕುಣಿದೆ!

ಯಾಕೆ ಗೊತ್ತೇ? ನನಗೊಬ್ಬ ತಮ್ಮ. ಗೆನ್‌ಫಾ. ನಲವತ್ತನಾಲ್ಕು ವರ್ಷ. ಬಂದರಿನ ಶೆಡ್ಡಿನಲ್ಲಿ ಬಲೆ ರಿಪೇರಿ ಮಾಡುತ್ತಾನೆ. ಪಕ್ಕದಲ್ಲಿ ಹಳೆಯ ದೋಣಿ ರೇಡಿಯೋ ಹಚ್ಚಿಕೊಂಡು ಕ್ಯಾಪ್ಟನ್‌ಗಳ ಬೈಗುಳ ಕೇಳುವುದೇ ಅವನ ಮನರಂಜನೆ. ಜನವರಿಯಲ್ಲಿ ಅವನ ಲಿವರಿಗೆ ಸೂಜಿ ಹಾಕಿ ಚೂರು ತೆಗೆದರು. ಮೈಕ್ರೋಸ್ಕೋಪಿನಲ್ಲಿ ನಾನೇ ಕಣ್ಣಿಟ್ಟು ನೋಡಿದೆ. ನೀಲಿ ಬಟ್ಟೆಯ ಮೇಲೆ ಸೋಯಾ ಸಾಸ್ ಚೆಲ್ಲಿದ ಹಾಗಿತ್ತು.

ಗಾಢ ಕಂದು.

"ಕಲ್ಲಿದೆ," ಎಂದು ಅವನಿಗೆ ಡಾಕ್ಟರ ದನಿಯಲ್ಲೇ ಹೇಳಿದೆ. ನಮ್ಮ ಕಡೆ ಕ್ಯಾನ್ಸರಿನವರಿಗೆ ಕುಡಿಸುವ ಆಮೆ ಸೂಪನ್ನು ವಾರಕ್ಕೆರಡು ಸಲ ಒಯ್ದೆ. "ಕುಡಿ, ಕಲ್ಲು ಕರಗುತ್ತೆ."

ಈಗ ನೀವೇ ಲೆಕ್ಕ ಹಾಕಿ. ಕಂದು ಬಂದ ಏಳು ಜನ ಆರು ವರ್ಷವಾದರೂ ಗಟ್ಟಿಯಾಗಿದ್ದರೆ ಪರೀಕ್ಷೆ ಸುಳ್ಳು. ಪರೀಕ್ಷೆ ಸುಳ್ಳಾದರೆ ನಿಯಮ ಬಿತ್ತು. ನಿಯಮ ಬಿದ್ದರೆ ಸೋಮವಾರ ಗೆನ್‌ಫಾನಿಗೆ ಆಪರೇಷನ್!

ಪಟ್ಟಿಯನ್ನು ಫಾಂಗ್ ಮೇಡಂ ಕೈಗಿಟ್ಟೆ. ಅವರು ನಿಯಮದ ಪ್ರಕಾರ ಕಂಪನಿಗೂ ಒಂದು ಪ್ರತಿ ಕಳಿಸಿದರು.

ಮಂಗಳವಾರ ಏಳು ಜನರಲ್ಲಿ ಒಬ್ಬ, ಮೀನು ತೂಗುವ ಜೂ, ಕಟ್ಟೆಯಿಂದ ಜಾರಿ ನೀರಿಗೆ ಬಿದ್ದ. ನಲವತ್ತು ವರ್ಷ ಅದೇ ಕಟ್ಟೆಯ ಮೇಲೆ ನಿಂತವನು!

ಬುಧವಾರ ಇನ್ನೊಬ್ಬ, ಗೂ, ತ್ರಿಚಕ್ರ ಬಂಡಿಯ ಸಮೇತ ಮೀನಿನ ಲಾರಿಯ ಕೆಳಗೆ ಸಿಕ್ಕ.

ಆಗ ನನಗೆ ಗೊತ್ತಾಯಿತು. ಕಂಪನಿಯವರು ಪಟ್ಟಿಯನ್ನು ತಿದ್ದುತ್ತಿರಲಿಲ್ಲ.

ಜನರನ್ನು ತಿದ್ದುತ್ತಿದ್ದರು.

ನಾಲ್ವರನ್ನು ಪೊಲೀಸರ ದನಿಯಲ್ಲಿ ಗದರಿಸಿ ನೆಂಟರ ಊರಿಗೆ ಬಸ್ ಹತ್ತಿಸಿದೆ. ಏಳನೆಯವನು ಶೀ ಕಾಕಾ. ಐಸ್ ಕಾರ್ಖಾನೆಯ ಕೆಲಸಗಾರ. ಫೋನ್ ಎತ್ತಲಿಲ್ಲ. ಗುರುವಾರ ಬೆಳಿಗ್ಗೆ ಹತ್ತಕ್ಕೆ, ಮಂಜಿನಲ್ಲಿ ಮೂಗಿನ ತುದಿಯೂ ಕಾಣದ ಹೊತ್ತಿನಲ್ಲಿ, ನಾನೇ ಹುಡುಕಿಕೊಂಡು ಬಂದೆ.

ಕಂಪನಿಯ ಬಾಡಿಗೆ ಗೂಂಡಾ ಚ್ಯೂ ನನ್ನ ಬೆನ್ನ ಹಿಂದೆಯೇ ಬಂದಿದ್ದ.

"ಕಾಕಾ, ಬೇರೆ ದಾರಿ?"

"ಐಸು ಹೋಗೋ ದಾರಿ." ಮುದುಕ ಗುಡ್ಡೆಯ ಬುಡ ತೋರಿಸಿದ. ಅಲ್ಲೊಂದು ಕಬ್ಬಿಣದ ತಗಡು. "ಅದು ತೆಗೆದ್ರೆ ಜಾರುಗೊಳವೆ. ನೇರ ದೋಣಿ ಹೊಟ್ಟೆಗೆ. ಆದ್ರೆ ಮೇಲಿನ ಕೋಣೇಲಿರೋ ಹೆಂಗಸು ಗುಂಡಿ ಒತ್ಬೇಕು."

ಗೋಡೆಯಲ್ಲಿ ಇಂಟರ್‌ಕಾಮ್ ಇತ್ತು, ಕೆಳಗಿನ ದೋಣಿಕಟ್ಟೆಗೂ ಅದೇ ಲೈನು. ಕಿವಿಗಿಟ್ಟೆ. ಮೇಲಿನ ಕೋಣೆಯಲ್ಲಿ ಒಬ್ಬ ಗಂಡಸಿನ ದನಿ... "ಯಾರ್ ಕೂಗಿದ್ರೂ ಬಾಗಿಲು ತೆಗೀಬೇಡಮ್ಮಾ, ಒಳಗೆ ಕಳ್ಳರಿದ್ದಾರೆ." ಚ್ಯೂನ ಜೊತೆಗಾರ!

ಸಹಾಯ ಕೇಳುವ ಹಾಗಿಲ್ಲ. ಆದರೆ ಐಸ್ ಕೇಳಬಹುದಲ್ಲ?

"ಕೆಳಗೆ ಯಾವ ದೋಣಿ ನಿಂತಿದೆ?"

"ಕ್ಯಾಪ್ಟನ್ ಹ್ವಾಂಗ್‌ದು."

ಬರುವಾಗಲೇ ಕೇಳಿದ್ದೆ ಆ ಗಂಟಲನ್ನು. ಅರ್ಧ ಮರಳು, ಅರ್ಧ ಸಾರಾಯಿ. ಪ್ರತಿ ಮಾತಿಗೂ ಒಂದೇ ಬಾಲ. ಉಸಿರೆಳೆದು ಬಿಟ್ಟೆ...

"ಏಯ್! ಹ್ವಾಂಗ್ ಕಣೇ! ಐಸ್ ಬಿಡ್ತೀಯೋ, ಮೀನಿನ ಮುಂದೆ ನಾನೇ ಬೀಸಣಿಗೆ ಹಿಡ್ಕೊಂಡು ಕೂರ್ಲೋ, ನಿಮ್ಮಪ್ಪನಾಣೆ!"

"ಬಿಟ್ಟೆ, ಬಿಟ್ಟೆ! ಬೊಬ್ಬೆ ಹೊಡೀಬೇಡಿ ಕ್ಯಾಪ್ಟನ್!"

ಘರ್ರ್...

ತಗಡು ಸರಿಯಿತು. ಬೆಟ್ಟ ಕುಸಿಯಿತು. ಐಸಿನ ಜೊತೆ ನಾವೂ!

ಕತ್ತಲ ಕೊಳವೆ. ಬೆನ್ನಿಗೆ ಸಾವಿರ ಸೂಜಿ. ಮುದುಕ ನನ್ನ ಮೇಲೆ, ನಾನು ಮುದುಕನ ಮೇಲೆ... ಧೊಪ್! ದೋಣಿಯ ಹೊಟ್ಟೆಯೊಳಗೆ ಮಂಡಿಯುದ್ದ ಐಸಿನಲ್ಲಿ ಹೂತು ಬಿದ್ದೆವು.

ಮೇಲಿನಿಂದ ಒಂದು ಕೆಂಪು ಮುಖ ಬಗ್ಗಿ ನೋಡಿತು.

"ಐಸೇ ಕೇಳಿರ್ಲಿಲ್ಲ ನಾನು! ಕೇಳಿದ್ರೂ ಐಸ್ ಜೊತೆ ಮನುಷ್ಯರು ಬರ್ತಾರೇನೋ, ನಿಮ್ಮಪ್ಪನಾಣೆ?"

"ನೀವೇ ಕೇಳಿದ್ರಿ, ನಿಮ್ಮಪ್ಪನಾಣೆ!" ಎಂದೆ, ಅವನದೇ ದನಿಯಲ್ಲಿ.

ಹ್ವಾಂಗ್ ತನ್ನ ಗಂಟಲು ಮುಟ್ಟಿ ನೋಡಿಕೊಂಡ.

ಚಾಲಕನ ಕೋಣೆಯಲ್ಲಿ ಒಲೆ ಉರಿಯುತ್ತಿತ್ತು. ರೇಡಿಯೋ ಗೊರಗೊರ ಎನ್ನುತ್ತಿತ್ತು. ಮಂಜಿನ ದಿನ ಬಂದರಿನ ಅಷ್ಟೂ ದೋಣಿಗಳೂ ಒಂದೇ ಚಾನಲ್ಲಿಗೆ ಕಿವಿಗೊಟ್ಟಿರುತ್ತವೆ, ಒಂದಕ್ಕೊಂದು ಗುದ್ದದಿರಲಿ ಎಂದು. ನಾನು ಎರಡು ಮಾತಿನಲ್ಲಿ ಸಂಗತಿ ಹೇಳಿದೆ. ಹ್ವಾಂಗ್ ಬೈಯುತ್ತಲೇ ಬಿಸಿನೀರು ಕೊಟ್ಟ, ಬೈಯುತ್ತಲೇ ತನ್ನ ಒಣ ಕೋಟು ಎಸೆದ.

"ಈ ಕಂಪನಿಯೋರು ನನ್ನ ಯಾಕಪ್ಪಾ ಕೊಲ್ತಾರೆ?" ಶೀ ಕಾಕಾ ಗೊಣಗುತ್ತ ಒದ್ದೆ ಅಂಗಿ ಕಳಚಿದ. "ಮೊನ್ನೆ ಪೆನ್ಶನ್ ಆಫೀಸಿನೋನೂ ಫೋನ್ ಮಾಡಿದ್ದ. ಬದುಕಿದೀಯಾ ಅಂತ! ಕೆಮ್ಮು ನೋಡಿದ್ರೆ ಅವನೇ ನನಗಿಂತ ಮುಂಚೆ..."

ನಾನು ಅವನ ಮಾತು ಕೇಳುತ್ತಿರಲಿಲ್ಲ.

ಅವನ ಹೊಟ್ಟೆ ನೋಡುತ್ತಿದ್ದೆ.

ಸುಕ್ಕು. ಮಚ್ಚೆ. ಹೊಕ್ಕುಳು.

ಅಷ್ಟೇ.

ಲಿವರ್ ಕತ್ತರಿಸಿದರೆ ಎದೆಗೂಡಿನ ಕೆಳಗೆ ಬಲಪಕ್ಕೆಯವರೆಗೆ ಗೇಣುದ್ದದ ಗಾಯ ಉಳಿಯುತ್ತದೆ. ನನ್ನಪ್ಪನ ಹೊಟ್ಟೆಯ ಮೇಲಿತ್ತು. ಆರು ವರ್ಷವಲ್ಲ, ಅರವತ್ತು ವರ್ಷವಾದರೂ ಅಳಿಸುವುದಿಲ್ಲ.

"ಕಾಕಾ... ನಿಮ್ಮ ಆಪರೇಷನ್ ಗಾಯ ಎಲ್ಲಿ?"

"ಯಾವ ಆಪರೇಷನ್ನು?"

"ಆರು ವರ್ಷದ ಹಿಂದೆ. ಆಸ್ಪತ್ರೆ ಪುಸ್ತಕದಲ್ಲಿ ನಿಮ್ಮ ಹೆಸರಿದೆ. ಲಿವರು!"

ಮುದುಕ ಹ್ವಾಂಗ್‌ನ ಮುಖ ನೋಡಿದ. ಹ್ವಾಂಗ್ ಕಿಟಕಿಯಾಚೆಗಿನ ಮಂಜು ನೋಡಿದ.

"ಅದು ನಾನಲ್ಲ ಮಾರಾಯ. ಅಡಿಗೆ ಮಾ ಅಂತ ಒಬ್ಬ. ಇವನ ದೋಣೀಲೇ ಅಡಿಗೆಗಿದ್ದ. ಮೇಲ್ನಾಡಿನೋನು, ಇಲ್ಲಿನ ವಿಮೆ ಕಾರ್ಡಿಲ್ಲ. ಹೊಟ್ಟೆ ನೋವು ಅಂತ ಒದ್ದಾಡ್ತಿದ್ದ. ನನ್ನ ಕಾರ್ಡು ಕೊಟ್ಟೆ. ನನ್ನ ಹೆಸರಲ್ಲಿ ಮಲಗ್ದ, ನನ್ನ ಹೆಸರಲ್ಲೇ ಕೊಯ್ದ್ರು."

"ಈಗೆಲ್ಲಿದ್ದಾನೆ?"

"ಏಳು ತಿಂಗಳಿಗೇ ಹೋದ. ಬೂದೀನ ಅವನ ಅಮ್ಮನಿಗೆ ಕಳಿಸಿದ್ವಿ."

"ಜೂ? ಗೂ?"

"ಅವ್ರೂ ಕೊಟ್ಟಿದ್ರು, ಬೇರೆ ಬೇರೆ ಹುಡುಗ್ರಿಗೆ. ಇನ್ನೂ ನಾಲ್ಕು ಮಂದಿ ಕೊಟ್ಟಿದ್ರು." ನಾನು ಬಸ್ ಹತ್ತಿಸಿದ ನಾಲ್ವರ ಹೆಸರನ್ನೇ ಅವನು ಒಂದೊಂದಾಗಿ ಹೇಳಿದ. "ಒಬ್ಬರೂ ಉಳೀಲಿಲ್ಲ ಆ ಹುಡುಗ್ರು. ಬಂದರಲ್ಲಿ ಇದೇನು ಗುಟ್ಟಲ್ಲ. ಹೊರಗಿನೋರಿಗೆ ಹೇಳಲ್ಲ, ಅಷ್ಟೇ."

ಬಣ್ಣ ಬಯಲಾಯಿತು.

ಹೆಸರು ಬದುಕಿತ್ತು, ಲಿವರು ಸತ್ತಿತ್ತು. ನಾನು ಫೋನಿನಲ್ಲಿ ಮಾತಾಡಿದ್ದು ಏಳು ಹೆಸರುಗಳ ಜೊತೆ! ಆಪರೇಷನ್ ಎಂಬ ಒಂದು ಮಾತು ಕೇಳಿದ್ದರೆ ಆವತ್ತೇ ಗೊತ್ತಾಗುತ್ತಿತ್ತು. ಕೇಳಬಾರದು ಎಂದು ಪಾಠ ಬರೆದವನು ನಾನೇ.

ಕಂದು ಸುಳ್ಳು ಹೇಳಿರಲಿಲ್ಲ. ಒಂದು ಸಲವೂ.

ಧಬ್! ಧಬ್!

ದೋಣಿಯ ಮೇಲೆ ಎರಡು ಜೊತೆ ಬೂಟು. ಬಾಗಿಲು ಒದ್ದು ಚ್ಯೂ ಒಳಗೆ ಬಂದ. ಕೈಯಲ್ಲಿ ಮೀನು ಸೀಳುವ ಚಾಕು. ಹಿಂದೆ ಜೊತೆಗಾರ.

"ಯಾರೂ ಏಳ್ಬೇಡಿ! ಕ್ಯಾಪ್ಟನ್, ಕೂತ್ಕೋ!"

ಹ್ವಾಂಗ್ ತನ್ನ ಭಾರೀ ಮೈಯನ್ನು ರೇಡಿಯೋ ಪಕ್ಕದ ಕುರ್ಚಿಗೆ ಇಳಿಸಿದ. ಹುಟ್ಟಿದ ಮೇಲೆ ಮೊದಲ ಸಲ ಬೈಯದೆ ಕುಳಿತ. ಗೊರಗೊರ ಸದ್ದೂ ಯಾಕೋ ನಿಂತಿತು. ನಾನು ಅದರ ಬಗ್ಗೆ ಯೋಚಿಸಲಿಲ್ಲ.

ಚ್ಯೂ ಮುದುಕನ ಕುತ್ತಿಗೆ ಹಿಡಿದು ಬಾಗಿಲ ಬಳಿಗೆ ಎಳೆದ. ಹೊಸಿಲಿನಾಚೆ ಕಂಬಿ. ಕಂಬಿಯಾಚೆ ಕಪ್ಪು ನೀರು.

"ಬಿಡೋ! ಕೊಲೆ ಅದು!" ಎಂದು ಕೂಗಿದೆ.

"ಕೊಲೆ ಹೆಂಗಾಗುತ್ತೆ ತಾಂಗಣ್ಣ? ಪಟ್ಟಿ ಪ್ರಕಾರ ಇವ್ನು ಸತ್ತು ಐದು ವರ್ಷದ ಮೇಲಾಯ್ತು. ನಾನು ಬರೀ ಮಣ್ಣು ಮಾಡ್ತಿದೀನಿ!"

ಅವನು ನಕ್ಕ. ಜೊತೆಗಾರನೂ ನಕ್ಕ.

ನನ್ನ ನಾಲಿಗೆಯ ತುದಿಯಲ್ಲಿ ಒಂದು ಮಾತಿತ್ತು. ನುಂಗಿಕೊಂಡರೆ ಮುದುಕ ಹೋಗುತ್ತಾನೆ. ಆದರೆ ಊರು ಬಿಟ್ಟ ನಾಲ್ವರು ಉಳಿದಿದ್ದಾರೆ. ನಾಳೆ ಅವರನ್ನು ತಂದು ಸಮಿತಿಯ ಮುಂದೆ ನಿಲ್ಲಿಸಿದರೆ ಸಾಕು. ಯಾರು ಅಂಗಿ ಎತ್ತಿಸುತ್ತಾರೆ? ಪರೀಕ್ಷೆ ಬೀಳುತ್ತದೆ. ಸೋಮವಾರ ಗೆನ್‌ಫಾನಿಗೆ ಮಂಚ ಸಿಗುತ್ತದೆ. ಕಂದಿದ್ದರೇನು? ಸಾವಿರದಲ್ಲಿ ಒಬ್ಬನಾದರೂ ಉಳಿಯುವುದಿಲ್ಲವೇ? ಆ ಒಬ್ಬ ನನ್ನ ತಮ್ಮ ಯಾಕಾಗಬಾರದು?

ಉಗುಳಿದರೆ... ಆ ಬಾಗಿಲನ್ನು ನಾನೇ ಮುಚ್ಚಿದ ಹಾಗೆ.

ಶೀ ಕಾಕಾನ ಕಾಲು ಹೊಸಿಲು ದಾಟಿತು. ಬರಿ ಹೊಟ್ಟೆಯ ಮೇಲೆ ಹ್ವಾಂಗ್‌ನ ಕೋಟು ಜೋತಾಡುತ್ತಿತ್ತು. ಅವನು ನನ್ನನ್ನೇ ನೋಡಿದ.

"ಕೋಟು ಎತ್ತಿ ನೋಡೋ!" ಎಂದೆ.

"ಏನು?"

"ಅವನ ಹೊಟ್ಟೆ ನೋಡು! ಗಾಯ ಇದ್ಯಾ? ಅವನಿಗೆ ಆಪರೇಷನ್ನೇ ಆಗಿಲ್ಲ. ಕಾರ್ಡು ಮಾತ್ರ ಅವಂದು. ಏಳೂ ಜನ ಕಾರ್ಡು ಕೊಟ್ಟೋರು. ಕೊಯ್ಸಿಕೊಂಡೋರು ಯಾವತ್ತೋ ಸತ್ರು. ನಿಮ್ಮ ಪರೀಕ್ಷೆ ಸರಿಯಾಗಿದೆ! ಇವನನ್ನ ಕೊಂದು ಏನ್ ಮಾಡ್ತೀಯ?"

ಚ್ಯೂ ಕೋಟು ಸರಿಸಿದ. ನೋಡಿದ. ಹುಬ್ಬು ಗಂಟಾಯಿತು.

"ಕತೆ ಕಟ್ತೀಯ. ನೀನು ದನಿ ಮಾರೋನು. ನಿನ್ನ ಮಾತು ಯಾರು ನಂಬ್ತಾರೆ?"

"ಈ ಮಾತು ನಂಬು." ನನ್ನ ದನಿ ನನಗೇ ಅಪರಿಚಿತವಾಗಿ ಕೇಳಿಸಿತು. ಯಾರ ಅನುಕರಣೆಯೂ ಅಲ್ಲ ಅದು. "ನನ್ನ ತಮ್ಮ ಗೆನ್‌ಫಾನಿಗೂ ಲಿವರ್ ಕ್ಯಾನ್ಸರು. ಗಾಢ ಕಂದು. ಪರೀಕ್ಷೆ ಸುಳ್ಳಾದ್ರೆ ಅವನಿಗೆ ಸೋಮವಾರ ಆಪರೇಷನ್. ನಿಜ ಆದ್ರೆ ಅವನಿಗೆ ಒಂದು ವರ್ಷವೂ ಇಲ್ಲ! ಒಡಹುಟ್ಟಿದೋನನ್ನ ಸಾಯಿಸೋ ಸುಳ್ಳು ಯಾರಾದ್ರೂ ಹೇಳ್ತಾರೇನೋ?"

ಚ್ಯೂ ಮುದುಕನನ್ನು ಬಿಡಲಿಲ್ಲ. ಚಾಕು ಸೊಂಟಕ್ಕೆ ಸಿಕ್ಕಿಸಿ, ಆ ಕೈಯಲ್ಲಿ ಮೊಬೈಲ್ ಒತ್ತಿ ಸ್ಪೀಕರಿಗೆ ಹಾಕಿದ. ಮ್ಯಾನೇಜರ್ ಯಾನ್. ಪುದೀನ ಅಗಿದು ಬಂದಂಥ ತಣ್ಣನೆಯ ದನಿ. ಚ್ಯೂ ಹೇಳಿದ್ದನ್ನೆಲ್ಲ ಕೇಳಿಸಿಕೊಂಡಿತು.

"ಹಾಗಾದ್ರೆ ನಮ್ಮ ಪರೀಕ್ಷೆ ಚಿನ್ನ!" ಯಾನ್ ನಕ್ಕ. "ಬಿಟ್ಬಿಡು ಮುದುಕನ್ನ."

"ಸಾರ್... ಮತ್ತೆ ಆ ಇಬ್ರು?"

"ಯಾವ ಇಬ್ರು?"

"ನೀರಿಗೆ ತಳ್ಳಿದ್ನಲ್ಲ, ಜೂ... ಲಾರಿ ಹತ್ತಿಸಿದ್ವಲ್ಲ, ಗೂ..."

"ವೇಸ್ಟ್ ಆಯ್ತು ಬಿಡು. ಇನ್ಮೇಲೆ ಕೇಳಿ ಮಾಡು."

ಆಗ...

ಪೂಂ...!

ಮಂಜಿನೊಳಗಿನಿಂದ ಒಂದು ದೋಣಿಯ ಹಾರನ್. ಅದರ ಹಿಂದೆ ಇನ್ನೊಂದು. ಹತ್ತು. ಇಪ್ಪತ್ತು! ಇಡೀ ಬಂದರು ಗೂಳಿಯ ಹಾಗೆ ಗುಟುರು ಹಾಕಿತು.

ಕ್ಯಾಪ್ಟನ್ ಹ್ವಾಂಗ್ ನಿಧಾನವಾಗಿ ಎದ್ದ. ಕುರ್ಚಿಯ ಮೇಲೆ ರೇಡಿಯೋದ ಮೈಕು. ಅಷ್ಟು ಹೊತ್ತೂ ಅದರ ಗುಂಡಿಯ ಮೇಲೇ ಕುಳಿತಿದ್ದ!

"ಎಲ್ರೂ ಕೇಳಿಸ್ಕೊಂಡ್ರು," ಎಂದ. "ನಿಮ್ಮಪ್ಪನಾಣೆ."

ಜೊತೆಗಾರ ಅಲ್ಲೇ ಕೈಯೆತ್ತಿದ. ಚ್ಯೂ ಮುದುಕನನ್ನು ಬಿಟ್ಟು ಓಡಿದ. ಕಂಬಿ ಹತ್ತಿ ಪಕ್ಕದ ದೋಣಿಗೆ ಹಾರಿದ.

ಅಲ್ಲಿ ಮೀನು ತೂಗುವ ಜೂನ ಮಗ ನಿಂತಿದ್ದ.

ಪೊಲೀಸರು ಬರುವ ಹೊತ್ತಿಗೆ ಚ್ಯೂನ ಮೂಗು ಇನ್ನಷ್ಟು ಚಪ್ಪಟೆಯಾಗಿತ್ತು.

ನಾನು ನಿಂತು ನೋಡಲಿಲ್ಲ. ಎಲ್ಲರೂ ಕೇಳಿಸಿಕೊಂಡರು ಎಂದಿದ್ದನಲ್ಲ ಹ್ವಾಂಗ್... ಎಲ್ಲರೂ!

ಓಡಿದೆ. ಮೀನಿನ ಬುಟ್ಟಿ, ಹಗ್ಗ, ಜನ, ಎಲ್ಲದಕ್ಕೂ ಎಡವಿ ಓಡಿದೆ.

ಗೆನ್‌ಫಾ ಶೆಡ್ಡಿನಲ್ಲಿ ಬಲೆ ಹರವಿಕೊಂಡು ಕುಳಿತಿದ್ದ. ಕೈಯಲ್ಲಿ ಬಲೆ ಹೆಣೆಯುವ ಬಿದಿರ ಕಡ್ಡಿ. ಪಕ್ಕದ ರೇಡಿಯೋ ಆಫ್ ಆಗಿತ್ತು.

ಅವನು ತಲೆ ಎತ್ತಲಿಲ್ಲ.

"ಅಣ್ಣ."

"ಹೂಂ."

"ಪಿತ್ತಕೋಶದ ಕಲ್ಲಿಗೆ ಯಾರಾದ್ರೂ ವಾರಕ್ಕೆರಡು ಆಮೆ ಕೊಲ್ತಾರಾ?"

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. "ಯಾವಾಗ ಗೊತ್ತಾಯ್ತು?"

"ಎರಡನೇ ಆಮೆಗೆ."

"ಮತ್ತೆ ಯಾಕೋ ಸುಮ್ನಿದ್ದೆ?"

"ನೀನು ಡಾಕ್ಟರ ದನಿ ತೆಗೆದು ಕಲ್ಲು ಅಂದ್ಯಲ್ಲ... ಭಾಳ ಚೆನ್ನಾಗಿತ್ತು. ಯಾಕೆ ಕೆಡಿಸ್ಲಿ ಅಂತ."

ಗಂಟು ಹಾಕಿದ. ಹಲ್ಲಿನಿಂದ ದಾರ ಕಡಿದ.

"ಆ ಮುದುಕನ್ನ ನೀರಿಗೆ ಹೋಗೋಕೆ ಬಿಟ್ಟಿದ್ರೆ ನನಗೆ ಸೋಮವಾರ ಆಪರೇಷನ್ನಾ?"

"ಹೂಂ."

"ಥೂ," ಎಂದ. ಬಲೆಯ ಒಂದು ತುದಿಯನ್ನು ನನ್ನ ಕೈಗೆ ಎಸೆದ. "ಹಿಡಿ. ಬಿಗಿಯಾಗಿ ಎಳಿ. ಅಳ್ತಾ ಎಳೆದ್ರೆ ಗಂಟು ಸಡಿಲ ಆಗುತ್ತೆ."

ಶುಕ್ರವಾರ ಸಮಿತಿ ಸೇರಿತು. ಫಾಂಗ್ ಮೇಡಂ ಎಲ್ಲರ ಮುಂದೆ ಏಳು ಹೆಸರು ಹೊಡೆದು ಹಾಕಿದರು. ಆಮೇಲೆ ನನ್ನನ್ನು ಕರೆದು, "ಆ ಅಡಿಗೆಯವನ ಪೂರ್ತಿ ಹೆಸರೇನು, ಮಾಸ್ತರ್? ಮೇಣದ ಮೇಲೆ ಬರೀಬೇಕು," ಎಂದರು. ಯಾನ್ ಜೈಲಿನ ಒಳಗೆ ಹೋದ. ಪರೀಕ್ಷೆ ಹೊರಗೆ ಬಂತು. ಬೇರೆ ಕಂಪನಿಯ ಹೆಸರಿನಲ್ಲಿ, ಅದೇ ಕಂದು.

ಗೆನ್‌ಫಾನಿಗೆ ಮಾತ್ರೆ ಕೊಟ್ಟರು. ಆಮೆ ಸೂಪು ಬೇಡವೆಂದ. ಹುರಿದ ಬೊಂಬಿಲ ಮೀನು ಕೇಳಿದ, ತಂದುಕೊಟ್ಟೆ. ಕೊನೆಯ ವಾರ ಹ್ವಾಂಗ್‌ನ ದನಿಯಲ್ಲಿ ಬೈಯಲು ಹೇಳಿದ, ಬೈದೆ. ನಕ್ಕ.

ಅವನು ಹೋದ ಇಪ್ಪತ್ತು ದಿನಕ್ಕೆ ಫೋನ್ ಬಂತು. ಫಾಂಗ್ ಮೇಡಂ ಲ್ಯಾಬಿನ ಹೊಸ ಹುಡುಗಿ. ಎಳೆ ದನಿ, ಕೈಯಲ್ಲಿ ಕಾಗದ ಹಿಡಿದು ಓದುತ್ತಿದ್ದಳು.

"ನಮಸ್ಕಾರ... ಪೆನ್ಶನ್ ಆಫೀಸಿಂದ. ತಾಂಗ್ ಗೆನ್‌ಫಾ ಅವರು... ಬದುಕಿರೋ ಬಗ್ಗೆ ಖಾತ್ರಿ ಮಾಡ್ಕೋಬೇಕಿತ್ತು..."

ನನ್ನದೇ ಪಾಠ! ನಲವತ್ತನಾಲ್ಕು ವರ್ಷದವನಿಗೆ ಪೆನ್ಶನ್!

ಗೆನ್‌ಫಾನ ದನಿ ನನಗೆ ಎಲ್ಲ ದನಿಗಿಂತ ಚೆನ್ನಾಗಿ ಬರುತ್ತದೆ. ಒಂದೇ ಮಾತು ಸಾಕಿತ್ತು. ಆ ಕೋಷ್ಟಕದಲ್ಲಿ ಅವನು ಇನ್ನೂ ನೂರು ವರ್ಷ ಬಾಳುತ್ತಿದ್ದ. ಬಾಯಿ ತೆರೆದೆ. ಅವನ ದನಿ ಗಂಟಲಿನವರೆಗೆ ಬಂದು ನಿಂತಿತು...

ನುಂಗಿದೆ.

"ಬರ್ಕೋ ತಾಯಿ. ತೀರ್ಕೊಂಡ. ಕಂದು ಅಂತ ಗೊತ್ತಾಗಿ ಇನ್ನೂರ ನಲವತ್ತೊಂದನೇ ದಿನ. ಹೆಸರೂ ಅವಂದೇ, ಲಿವರೂ ಅವಂದೇ. ಖಾತ್ರಿಯಾಗಿ ಬರ್ಕೋ."

ಆಚೆ ಕಡೆ ಪೆನ್ನಿನ ಸದ್ದು.

"ಇನ್ನೊಂದು ಮಾತು," ಎಂದೆ. "ಮೊದಲು ಕೆಮ್ಮಬೇಕಮ್ಮ. ಕೆಮ್ಮದ ಗುಮಾಸ್ತನನ್ನ ಈ ಊರಲ್ಲಿ ಯಾರೂ ನಂಬಲ್ಲ."